ಗಾಜಿನ ಹಲಗೆಗೆ ತಕ್ಕ ಬಳಪ

ನಮ್ಮ ನೆರೆಮನೆಯ ವಿದ್ಯಾರ್ಥಿನಿಯೊಬ್ಬಳು ಒಂದು ಸಂಜೆ ಎರಡು ವಸ್ತುಗಳನ್ನು ಕೈಯಲ್ಲಿ ಹಿಡಿದು ನಮ್ಮಲ್ಲಿಗೆ ಬಂದಳು. ಒಂದು ಅವಳ ಟ್ಯಾಬ್ಲೆಟ್. ಇನ್ನೊಂದು ಅದರ ಮೇಲೆ ಬರೆಯುವುದಕ್ಕೆಂದು ಅಂದೇ ಕೊಂಡು ತಂದ ಲೇಖನಿ. ಲೇಖನಿ ನೋಡುವುದಕ್ಕೆ ಬಹು ಅಂದವಾಗಿತ್ತು. ಬಿಳಿಯ ನುಣುಪಾದ ಮೈ, ಸಣ್ಣ ಮೊನೆ, ಬದಿಯಲ್ಲೊಂದು ಗುಂಡಿ. ವಿದ್ಯಾರ್ಥಿವೇತನದ ಹಣದಲ್ಲಿ ತಿಂಗಳು ತಿಂಗಳೂ ಉಳಿಸಿ ಅದನ್ನು ಕೊಂಡಿದ್ದಳು. ಗಣಿತದ ಲೆಕ್ಕಗಳನ್ನೂ ರಸಾಯನಶಾಸ್ತ್ರದ ರಚನಾಸೂತ್ರಗಳನ್ನೂ ಕೀಲಿಮಣೆಯಲ್ಲಿ ಒತ್ತುವುದು ಕಷ್ಟ; ಕೈಯಿಂದಲೇ ಬರೆಯಬಹುದೆಂದು ಅವಳ ಎಣಿಕೆ. ಆದರೆ ಲೇಖನಿಯನ್ನು ಗಾಜಿನ ಮೇಲೆ ಎಷ್ಟು ಎಳೆದರೂ ಒಂದು ಚುಕ್ಕೆಯೂ ಮೂಡಲಿಲ್ಲ.

ಅಂಗಡಿಯವರು ಅದೇ ಲೇಖನಿಯಿಂದ ತಮ್ಮಲ್ಲಿದ್ದ ಬೇರೊಂದು ಟ್ಯಾಬ್ಲೆಟ್ಟಿನ ಮೇಲೆ ಸೊಗಸಾಗಿ ಬರೆದು ತೋರಿಸಿ, ವಸ್ತು ಕೆಟ್ಟಿಲ್ಲವಾದುದರಿಂದ ಹಿಂದಕ್ಕೆ ಪಡೆಯಲಾಗದೆಂದು ಹೇಳಿ ಕಳುಹಿಸಿದ್ದರು. ಇತ್ತ ಅವಳ ಟ್ಯಾಬ್ಲೆಟ್ಟಾದರೋ ಬೆರಳು ಸೋಕಿದೊಡನೆಯೇ ಚುರುಕಾಗಿ ಕೆಲಸ ಮಾಡುತ್ತಿತ್ತು. "ಪೆನ್ನೂ ಸರಿಯಾಗಿದೆ, ಟ್ಯಾಬ್ಲೆಟ್ಟೂ ಸರಿಯಾಗಿದೆ. ಹಾಗಾದರೆ ಕೆಟ್ಟಿರುವುದು ಯಾವುದು, ಸಾರ್?" ಎಂದು ಅವಳು ಕೇಳಿದಳು.

ಕೆಟ್ಟದ್ದು ಯಾವುದೂ ಇಲ್ಲ. ಜೋಡಿ ತಪ್ಪಿದೆ, ಅಷ್ಟೆ. ಈ ಉತ್ತರದ ಅರ್ಥವನ್ನು ತಿಳಿದುಕೊಂಡರೆ ವಾಚಕರಲ್ಲಿ ಅನೇಕರು ತಮ್ಮ ಹಣವನ್ನು ಉಳಿಸಿಕೊಳ್ಳಬಹುದು. ಆದುದರಿಂದ ಈ ವಿಷಯವನ್ನು ಸ್ವಲ್ಪ ವಿವರವಾಗಿ ವಿಚಾರಿಸೋಣ.

ಬರೆಯುವುದಕ್ಕೆ ಇಬ್ಬರು ಬೇಕು

ಬರೆಯುವ ಸಾಧನವೆಂದರೆ ಲೇಖನಿಯೆಂದು ನಾವು ಭಾವಿಸುತ್ತೇವೆ. ವಾಸ್ತವವಾಗಿ ಅದು ಅರ್ಧ ಸಾಧನ ಮಾತ್ರ. ಉಳಿದರ್ಧ ಅದರ ಕೆಳಗಿರುವ ಹಲಗೆ. ಓಲೆಗರಿಯ ಮೇಲೆ ಬರೆಯಲು ನಮ್ಮ ಹಿರಿಯರು ಕಬ್ಬಿಣದ ಕಂಟವನ್ನು ಬಳಸುತ್ತಿದ್ದರು. ಅದು ಓಲೆಯನ್ನು ಗೀರುತ್ತಿತ್ತು. ಆಮೇಲೆ ಮಸಿ ಸವರಿದಾಗ ಗೀರಿನಲ್ಲಿ ಅಕ್ಷರ ಕಾಣುತ್ತಿತ್ತು. ಅದೇ ಕಂಟವನ್ನು ಕಾಗದದ ಮೇಲೆ ಆಡಿಸಿದರೆ ಕಾಗದ ಹರಿಯುವುದೇ ಹೊರತು ಬರಹವಾಗದು. ಬಳಪ ಸ್ಲೇಟಿಗೆ ಸರಿ, ಸೀಮೆಸುಣ್ಣ ಕರಿಹಲಗೆಗೆ ಸರಿ. ಪ್ರಾಚೀನ ರೋಮನರು ಮೇಣ ಬಳಿದ ಮರದ ಹಲಗೆಯ ಮೇಲೆ ಲೋಹದ ಕಡ್ಡಿಯಿಂದ ಬರೆಯುತ್ತಿದ್ದರು. ಆ ಕಡ್ಡಿಯ ಒಂದು ತುದಿ ಚೂಪು, ಇನ್ನೊಂದು ತುದಿ ಚಪ್ಪಟೆ. ಚಪ್ಪಟೆ ತುದಿಯಿಂದ ಮೇಣವನ್ನು ತೀಡಿ ಬರೆದುದನ್ನು ಅಳಿಸುತ್ತಿದ್ದರು. ಇಂದಿನ ಟ್ಯಾಬ್ಲೆಟ್ ಲೇಖನಿಗೆ ಬಂದಿರುವ 'ಸ್ಟೈಲಸ್' ಎಂಬ ಹೆಸರು ಆ ಕಡ್ಡಿಯದೇ. 'ಟ್ಯಾಬ್ಲೆಟ್' ಎಂಬ ಹೆಸರಿನ ಮೂಲವೂ ಹಲಗೆಯೆಂಬ ಅರ್ಥದ ಲ್ಯಾಟಿನ್ ಶಬ್ದ.

ಆ ಕಾಲದ ಜೋಡಿಗಳ ಹೊಂದಾಣಿಕೆ ಕಣ್ಣಿಗೆ ಕಾಣುವಂಥದು. ಗಾಜಿನ ಹಲಗೆಯದು ಹಾಗಲ್ಲ. ಎಲ್ಲ ಟ್ಯಾಬ್ಲೆಟ್ಟುಗಳ ಗಾಜೂ ಒಂದೇ ತೆರನಾಗಿ ಹೊಳೆಯುತ್ತದೆ. ಆದರೆ ಗಾಜಿನ ಅಡಿಯಲ್ಲಿರುವ ಏರ್ಪಾಡು ಒಂದೊಂದರಲ್ಲಿ ಒಂದೊಂದು ಬಗೆ. ಆ ಏರ್ಪಾಡು ಯಾವ ಸಂಕೇತವನ್ನು ನಿರೀಕ್ಷಿಸುತ್ತಿದೆಯೋ ಆ ಸಂಕೇತವನ್ನು ಕೊಡಬಲ್ಲ ಲೇಖನಿ ಮಾತ್ರ ಅಲ್ಲಿ ಬರೆಯಬಲ್ಲುದು.

ಗಾಜು ಬೆರಳನ್ನು ಗುರುತಿಸುವ ಬಗೆ

ಮೊದಲ ತಲೆಮಾರಿನ ಕೈಗಣಕಗಳ ಪರದೆ ಒತ್ತಡವನ್ನು ಗುರುತಿಸುತ್ತಿತ್ತು. ವಿದ್ಯುತ್ತನ್ನು ಹರಿಯಬಿಡುವ ಪಾರದರ್ಶಕ ಲೇಪವುಳ್ಳ ಎರಡು ಹಾಳೆಗಳು ಒಂದರ ಮೇಲೊಂದು ಕೂದಲೆಳೆಯಷ್ಟು ಅಂತರದಲ್ಲಿರುತ್ತಿದ್ದುವು. ಮೇಲಿನದನ್ನು ಒತ್ತಿದಾಗ ಅದು ಬಾಗಿ ಕೆಳಗಿನದನ್ನು ಮುಟ್ಟುವುದು. ಮುಟ್ಟಿದ ಎಡೆಯ ವೋಲ್ಟೇಜಿನಿಂದ ಸ್ಥಾನ ತಿಳಿಯುವುದು. ಒತ್ತುವುದಷ್ಟೇ ಮುಖ್ಯವಾದುದರಿಂದ ಪ್ಲಾಸ್ಟಿಕ್ ಕಡ್ಡಿಯೂ ಸಾಕು, ಉಗುರೂ ಸಾಕು. 1996ರಲ್ಲಿ ಬಂದ ಪಾಮ್ ಪೈಲಟ್ ಎಂಬ ಕೈಗಣಕದ ಪರದೆ ಈ ಬಗೆಯದು. ಕಾರ್ಖಾನೆಗಳ ಕೆಲವು ಯಂತ್ರಗಳಲ್ಲಿ ಇಂಥ ಪರದೆ ಈಗಲೂ ಉಂಟು.

ಇಂದಿನ ಫೋನು ಮತ್ತು ಟ್ಯಾಬ್ಲೆಟ್ಟುಗಳ ಪರದೆ ಒತ್ತಡವನ್ನು ಲೆಕ್ಕಿಸುವುದಿಲ್ಲ. ಇವು ವಿದ್ಯುದ್ಧಾರಕ ತತ್ತ್ವದ ಮೇಲೆ ಕೆಲಸ ಮಾಡುತ್ತವೆ. ಇಂಗ್ಲೆಂಡಿನ ಮಾಲ್ವರ್ನ್ ಎಂಬಲ್ಲಿ ರಾಡಾರ್ ಸಂಶೋಧನಾಲಯದಲ್ಲಿದ್ದ ಇ. ಎ. ಜಾನ್ಸನ್ ಎಂಬಾತ 1965ರಲ್ಲಿಯೇ ಇಂಥ ಸ್ಪರ್ಶಪರದೆಯೊಂದನ್ನು ವರ್ಣಿಸಿ ಪ್ರಕಟಿಸಿದ್ದ.

ಇಂದಿನ ಪರದೆಯ ಗಾಜಿನ ಅಡಿಯಲ್ಲಿ ಇಂಡಿಯಮ್ ಮತ್ತು ತವರಗಳ ಆಕ್ಸೈಡಿನಂಥ ಪಾರದರ್ಶಕ ವಾಹಕದ ಪಟ್ಟಿಗಳು ಹಾಸು ಹೊಕ್ಕಾಗಿ ಹರಡಿರುತ್ತವೆ. ಅಡ್ಡ ಪಟ್ಟಿಯೂ ಉದ್ದ ಪಟ್ಟಿಯೂ ಹಾಯುವ ಪ್ರತಿಯೊಂದು ಕೂಡಲಿನಲ್ಲಿಯೂ ಒಂದು ಪುಟ್ಟ ಧಾರಕ ಏರ್ಪಡುತ್ತದೆ. ನಮ್ಮ ದೇಹ ವಿದ್ಯುದ್ವಾಹಕ. ಬೆರಳು ಸಮೀಪಿಸಿದಾಗ ಆ ಕೂಡಲಿನ ವಿದ್ಯುತ್ ಕ್ಷೇತ್ರದ ಒಂದು ಭಾಗ ಬೆರಳಿನತ್ತ ತಿರುಗಿ, ಧಾರಣಸಾಮರ್ಥ್ಯ ಅತ್ಯಲ್ಪವಾಗಿ ಇಳಿಯುತ್ತದೆ. ಈ ಇಳಿತ ಒಂದು ಪಿಕೊಫ್ಯಾರಡಿಗಿಂತಲೂ ಕಡಿಮೆ; ಅಂದರೆ ಒಂದು ಫ್ಯಾರಡಿನ ಲಕ್ಷ ಕೋಟಿಯಲ್ಲಿ ಒಂದು ಪಾಲಿಗಿಂತಲೂ ಸಣ್ಣದು. ಟ್ಯಾಬ್ಲೆಟ್ ಎಲ್ಲ ಕೂಡಲುಗಳನ್ನೂ ಸೆಕೆಂಡಿಗೆ ಹಲವಾರು ಹತ್ತು ಬಾರಿ ಪರೀಕ್ಷಿಸಿ ಎಲ್ಲಿ ಇಳಿತವಾಗಿದೆಯೆಂದು ಕಂಡುಕೊಳ್ಳುತ್ತದೆ.

ಪಟ್ಟಿಗಳ ನಡುವಣ ಅಂತರ ಸಾಮಾನ್ಯವಾಗಿ 4–5 ಮಿಲಿಮೀಟರು. ಬೆರಳ ತುದಿ ಅದಕ್ಕಿಂತ ದೊಡ್ಡದಾದುದರಿಂದ ಒಂದೇ ಸಾರಿಗೆ ಹಲವು ಕೂಡಲುಗಳನ್ನು ಆವರಿಸುತ್ತದೆ. ಅವುಗಳಲ್ಲಾದ ಬದಲಾವಣೆಗಳನ್ನು ತೂಗಿ ನೋಡಿ ಬೆರಳಿನ ಕೇಂದ್ರವನ್ನು ಲೆಕ್ಕ ಹಾಕಲಾಗುತ್ತದೆ. ಸೂಜಿಯಂಥ ಮೊನೆಯಿಂದಾಗುವ ಬದಲಾವಣೆಯಾದರೋ ಸುತ್ತಲಿನ ವಿದ್ಯುತ್ ಗದ್ದಲದಲ್ಲಿ ಮುಚ್ಚಿಹೋಗುತ್ತದೆ. ಪರದೆಗೆ ಅದು ಇದ್ದೂ ಇಲ್ಲದಂತೆ.

ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಹತ್ತಿ ಸುತ್ತಿದ ಕಿವಿಕಡ್ಡಿಯೊಂದರಿಂದ ಪರದೆಯನ್ನು ಮುಟ್ಟಿರಿ, ಏನೂ ಆಗದು. ಈಗ ಹತ್ತಿಯನ್ನು ತುಸುವೇ ತೇವ ಮಾಡಿ, ಹತ್ತಿಯ ಬುಡದಿಂದ ನೀವು ಹಿಡಿಯುವ ಜಾಗದವರೆಗೆ ಕಡ್ಡಿಗೆ ಅಲ್ಯೂಮಿನಿಯಮ್ ಹಾಳೆಯನ್ನು ಸುತ್ತಿರಿ. ಹಾಳೆ ಹತ್ತಿಗೂ ತಗುಲಬೇಕು, ನಿಮ್ಮ ಬೆರಳಿಗೂ ತಗುಲಬೇಕು. ಗಾಜಿಗೆ ಮಾತ್ರ ತಗುಲಬಾರದು. ಈಗ ಮುಟ್ಟಿದರೆ ಪರದೆ ಓಗೊಡುತ್ತದೆ. ಕೈಯಲ್ಲಿ ಹಿಡಿದ ಸೌತೆಕಾಯಿಯ ತುಂಡಿಗೂ ಅದು ಓಗೊಡುವುದು. ಮರದ ಹಿಡಿಗೆ ಓಗೊಡದು. ಪರದೆಯ ಪಾಲಿಗೆ ಬೆರಳೆಂದರೆ ದೇಹಕ್ಕೆ ವಿದ್ಯುತ್ ಸಂಬಂಧವುಳ್ಳ, ಸಾಕಷ್ಟು ಅಗಲವಾದ ಒಂದು ವಾಹಕ; ಅದಕ್ಕಿಂತ ಹೆಚ್ಚೇನೂ ಇಲ್ಲ.

ಮೊದಲನೆಯ ಬಗೆ: ಬೆರಳಿನ ವೇಷದ ಲೇಖನಿ

ಮೇಲಿನ ಪ್ರಯೋಗದಲ್ಲಿ ನಾವು ಮಾಡಿದ ಕಡ್ಡಿಯೇ ಅತ್ಯಂತ ಅಗ್ಗದ ಸ್ಟೈಲಸ್. ಅಂಗಡಿಯಲ್ಲಿ ದೊರೆಯುವ ಸಾದಾ ಲೇಖನಿಗಳಲ್ಲಿ ಹತ್ತಿಯ ಬದಲು ವಾಹಕ ರಬ್ಬರಿನ ಗುಂಡು ಮೊನೆಯಿರುತ್ತದೆ. ಅದರ ಅಗಲ ಸುಮಾರು 5–6 ಮಿಲಿಮೀಟರು. ಬ್ಯಾಟರಿ ಬೇಡ, ಹೆಚ್ಚು ಬೆಲೆಯಿಲ್ಲ, ಬೆರಳಿಗೆ ಓಗೊಡುವ ಯಾವ ಪರದೆಯ ಮೇಲೆಯೂ ನಡೆಯುತ್ತದೆ.

ಇದರ ದೋಷವನ್ನು ಕನ್ನಡ ಬರೆಯುವವರು ಬೇಗನೆ ಕಾಣುತ್ತಾರೆ. ದಪ್ಪ ಮೊನೆ ತಾನು ಬರೆಯುತ್ತಿರುವ ಜಾಗವನ್ನೇ ಮರೆಮಾಡುತ್ತದೆ. ನಮ್ಮ ಲಿಪಿಯಲ್ಲಿ 'ದ'ಕಾರಕ್ಕೂ 'ಧ'ಕಾರಕ್ಕೂ ಇರುವ ವ್ಯತ್ಯಾಸ ಅಡಿಯಲ್ಲಿನ ಒಂದು ಪುಟ್ಟ ಗೆರೆ. 'ರಾಷ್ಟ್ರ' ಎಂದು ಬರೆಯುವಾಗ ಒತ್ತಕ್ಷರಗಳು ಸಾಲಿನ ಕೆಳಗೆ ಚಿಕ್ಕದಾಗಿ ಇಳಿಯುತ್ತವೆ. ಮೊನೆಯ ಅಡಿಯಲ್ಲಿ ಏನಾಗುತ್ತಿದೆಯೆಂದು ಕಾಣದೆ ಇವನ್ನು ಬರೆಯುವುದು ಕಣ್ಣು ಕಟ್ಟಿಕೊಂಡು ರಂಗೋಲಿಯಿಟ್ಟಂತೆ. 'ಧನ' ಎಂದು ಬರೆಯಹೊರಟದ್ದು 'ದನ'ವಾಗಿ ನಿಲ್ಲುತ್ತದೆ.

ಇದಕ್ಕೆ ಒಂದು ಜಾಣ ಪರಿಹಾರವುಂಟು. ಕೆಲವು ಲೇಖನಿಗಳ ಮೊನೆಗೆ ಪಾರದರ್ಶಕವಾದ ಪುಟ್ಟ ಬಿಲ್ಲೆಯನ್ನು ಜೋಡಿಸಿರುತ್ತಾರೆ. ಪರದೆಗೆ ಬೇಕಾದ ಅಗಲ ಬಿಲ್ಲೆಯಿಂದ ದೊರೆಯುತ್ತದೆ. ನಮಗೆ ಬೇಕಾದ ನೋಟ ಬಿಲ್ಲೆಯ ಮೂಲಕ ದೊರೆಯುತ್ತದೆ. ಬ್ಯಾಟರಿಯಿಂದ ನಡೆದು, ಸಣ್ಣ ಮೊನೆಯಿಂದಲೇ ಬೆರಳಿನಷ್ಟು ಪರಿಣಾಮವನ್ನು ಉಂಟುಮಾಡುವ ಲೇಖನಿಗಳೂ ಇವೆ. ಆದರೆ ಈ ಎಲ್ಲವನ್ನೂ ಪರದೆ ಬೆರಳೆಂದೇ ತಿಳಿಯುತ್ತದೆ. ಎಷ್ಟು ಒತ್ತಿ ಬರೆದಿರೆಂಬುದು ಅದಕ್ಕೆ ತಿಳಿಯದು. ಬರೆಯುವಾಗ ಗಾಜಿನ ಮೇಲೆ ಊರಿದ ಅಂಗೈಯೂ ಅದಕ್ಕೆ ಮತ್ತೊಂದು ಬೆರಳೇ. ಪುಟದಲ್ಲಿ ಬೇಡದ ಗೆರೆಗಳು ಮೂಡಬಹುದು. ಕೈಯನ್ನು ಎತ್ತಿ ಹಿಡಿದು ಅರ್ಧ ಗಂಟೆ ಬರೆದು ನೋಡಿದರೆ ಮಣಿಕಟ್ಟಿನ ನೋವೇ ಇದರ ಕೊರತೆಯನ್ನು ಹೇಳುತ್ತದೆ.

ಎರಡನೆಯ ಬಗೆ: ಮಾತಾಡುವ ಲೇಖನಿ

ಲೇಖನಿಯೊಳಗೆ ಬ್ಯಾಟರಿಯನ್ನಿಟ್ಟು, ಮೊನೆಯಿಂದ ಅದರದೇ ಆದ ವಿದ್ಯುತ್ ಸಂಕೇತವನ್ನು ಹೊರಡಿಸಿದರೆ ಸ್ಥಿತಿ ಬದಲಾಗುತ್ತದೆ. ಗಾಜಿನ ಅಡಿಯ ಪಟ್ಟಿಗಳು ಆಗ ಆ ಸಂಕೇತವನ್ನು ಹಿಡಿಯುವ ಆಂಟೆನಗಳಾಗುತ್ತವೆ. ಸಂಕೇತ ಸ್ಪಷ್ಟವಾದುದರಿಂದ ಮೊನೆ ಒಂದೆರಡು ಮಿಲಿಮೀಟರಿನಷ್ಟಿದ್ದರೂ ಸಾಕು. ಮೊನೆಯ ಮೇಲೆ ಬಿದ್ದ ಒತ್ತಡ, ಒತ್ತಿದ ಗುಂಡಿ ಇವೆಲ್ಲವನ್ನೂ ಲೇಖನಿ ಸಂಕೇತಭಾಷೆಯಲ್ಲಿ ತಿಳಿಸಬಲ್ಲುದು. ಲೇಖನಿಯ ದನಿಯನ್ನು ಪರದೆ ಬೇರೆಯಾಗಿ ಗುರುತಿಸುವುದರಿಂದ, ಅದೇ ಹೊತ್ತಿಗೆ ತಗುಲಿದ ಅಂಗೈಯನ್ನು ಕಡೆಗಣಿಸುವುದೂ ಸುಲಭವಾಗುತ್ತದೆ.

ತೊಡಕು ಇರುವುದು ಆ ಸಂಕೇತಭಾಷೆಯಲ್ಲಿ. ಆಪಲ್ ಸಂಸ್ಥೆ 2015ರಲ್ಲಿ ಹೊರತಂದ ಪೆನ್ಸಿಲಿನ ಭಾಷೆ ಒಂದು; ಮೈಕ್ರೊಸಾಫ್ಟ್ ಸಂಸ್ಥೆಯ ಸರ್ಫೇಸ್ ಲೇಖನಿಯ ಭಾಷೆ ಇನ್ನೊಂದು. ಹಲವು ತಯಾರಕರು ಒಟ್ಟುಗೂಡಿ ಸರ್ವರಿಗೂ ಸಮಾನವಾದ ಭಾಷೆಯೊಂದನ್ನು ರೂಪಿಸಲು 2015ರಲ್ಲಿ ಯುಎಸ್‌ಐ ಎಂಬ ಒಕ್ಕೂಟವನ್ನು ಕಟ್ಟಿದರು. ಅದರ ಭಾಷೆ ಮತ್ತೊಂದು. ಒಂದು ಭಾಷೆಯ ಲೇಖನಿ ಬೇರೊಂದು ಭಾಷೆಯ ಪರದೆಯ ಮೇಲೆ ಮೂಕ. ಒಂದೇ ಸಂಸ್ಥೆಯ ಹೆಸರಿದ್ದರೂ ಭಾಷೆ ಒಂದೇ ಎನ್ನುವಂತಿಲ್ಲ. 2013ರ ಸರ್ಫೇಸ್ ಪ್ರೊ ಒಂದು ತಂತ್ರವನ್ನು ಬಳಸುತ್ತಿತ್ತು. 2014ರ ಸರ್ಫೇಸ್ ಪ್ರೊ 3 ಬೇರೆ ತಂತ್ರಕ್ಕೆ ತಿರುಗಿತು. ಹಳೆಯದರ ಲೇಖನಿ ಹೊಸದರ ಮೇಲೆ ಬರೆಯದಾಯಿತು. ಆಪಲ್ ಪೆನ್ಸಿಲಿನಲ್ಲಿಯೂ ಹಲವು ಬಗೆಗಳಿದ್ದು, ಯಾವುದು ಯಾವ ಐಪ್ಯಾಡಿಗೆ ಎಂಬುದನ್ನು ಪಟ್ಟಿ ನೋಡಿಯೇ ತಿಳಿಯಬೇಕು. 2023ರಲ್ಲಿ ಬಂದ ಯುಎಸ್‌ಬಿ–ಸಿ ಪೆನ್ಸಿಲಿಗೆ ಒತ್ತಡವನ್ನು ಅಳೆಯುವ ಶಕ್ತಿಯೇ ಇಲ್ಲ.

ಲೇಖನಿಗೂ ಹಲಗೆಗೂ ನಡುವೆ ಇಂಥ ಸಂಭಾಷಣೆ ಹೊಸದೇನಲ್ಲ. 1964ರಲ್ಲಿ ಅಮೆರಿಕದ ರ್‍ಯಾಂಡ್ ಸಂಸ್ಥೆಯ ಡೇವಿಸ್ ಮತ್ತು ಎಲ್ಲಿಸ್ ಎಂಬವರು 10 ಅಂಗುಲ ಚದರದ ಬರೆಯುವ ಹಲಗೆಯೊಂದನ್ನು ನಿರ್ಮಿಸಿದರು. ಅದರಲ್ಲಿ ಅಂಗುಲಕ್ಕೆ 100 ಗೆರೆಯಂತೆ ಎರಡು ದಿಕ್ಕಿನಲ್ಲಿಯೂ ತಂತಿಗೆರೆಗಳಿದ್ದುವು. 1000ವನ್ನು 1000ದಿಂದ ಗುಣಿಸಿದರೆ ಗುರುತಿಸಬಹುದಾದ ಸ್ಥಾನಗಳು 10 ಲಕ್ಷ. ಅಲ್ಲಿ ಹಲಗೆ ಮಾತಾಡುತ್ತಿತ್ತು, ಲೇಖನಿ ಕೇಳುತ್ತಿತ್ತು. ಇಂದಿನ ಬ್ಯಾಟರಿ ಲೇಖನಿಗಳಲ್ಲಿ ಮುಖ್ಯವಾಗಿ ಲೇಖನಿ ಮಾತಾಡುತ್ತದೆ, ಹಲಗೆ ಕೇಳುತ್ತದೆ.

ಮೂರನೆಯ ಬಗೆ: ತಂಬೂರಿಯ ತಂತಿಯಂಥ ಲೇಖನಿ

ಬ್ಯಾಟರಿಯಿಲ್ಲದೆಯೂ ಮಾತಾಡುವ ಲೇಖನಿಯುಂಟು. ತಂಬೂರಿಯ ಒಂದು ತಂತಿಯನ್ನು ಮೀಟಿದಾಗ ಅದೇ ಶ್ರುತಿಗೆ ಹೂಡಿದ ಪಕ್ಕದ ತಂತಿ ತಾನಾಗಿ ಮಿಡಿಯುವುದನ್ನು ನೀವು ನೋಡಿರಬಹುದು. ಇದಕ್ಕೆ ಅನುರಣನವೆಂದು ಹೆಸರು. ವಿದ್ಯುತ್ತಿನಲ್ಲಿಯೂ ಇದನ್ನು ಸಾಧಿಸಬಹುದು. ಲೇಖನಿಯೊಳಗೆ ಒಂದು ತಂತಿಸುರುಳಿಯನ್ನೂ ಒಂದು ಧಾರಕವನ್ನೂ ಜೋಡಿಸಿದರೆ ಆ ಮಂಡಲಕ್ಕೆ ತನ್ನದೇ ಆದ ಒಂದು ಶ್ರುತಿ ಬರುತ್ತದೆ. ಟ್ಯಾಬ್ಲೆಟ್ಟಿನ ಪರದೆಯ ಹಿಂದೆ ಸುರುಳಿಗಳ ಬೇರೊಂದು ಹಾಳೆಯಿದ್ದು, ಅದು ಆ ಶ್ರುತಿಯ ಕಾಂತಕ್ಷೇತ್ರವನ್ನು ಕ್ಷಣಕಾಲ ಹೊರಡಿಸಿ ನಿಲ್ಲಿಸುತ್ತದೆ. ಲೇಖನಿಯ ಮಂಡಲ ಆ ಶಕ್ತಿಯನ್ನು ಹೀರಿ ಮಿಡಿಯುತ್ತದೆ. ಮೌನವಾದ ಹಾಳೆ ಆ ಮಿಡಿತವನ್ನು ಆಲಿಸಿ ಮೊನೆ ಎಲ್ಲಿದೆಯೆಂದು ತಿಳಿಯುತ್ತದೆ. ಒತ್ತಿ ಬರೆದಾಗ ಶ್ರುತಿ ತುಸು ಬದಲಾಗುವುದರಿಂದ ಒತ್ತಡವೂ ಗೊತ್ತಾಗುತ್ತದೆ.

ಜಪಾನಿನ ವಾಕಮ್ ಸಂಸ್ಥೆ ಬೆಳೆಸಿದ ಈ ತಂತ್ರವನ್ನು 2011ರ ಸ್ಯಾಮ್‌ಸಂಗ್ ಗ್ಯಾಲಕ್ಸಿ ನೋಟ್ ಫೋನಿನಲ್ಲಿ ಲಕ್ಷಾಂತರ ಮಂದಿ ಕಂಡರು. ಕಾಗದವನ್ನು ಹೋಲುವ ಪರದೆಯ ಹಲವು ಬರೆಯುವ ಹಲಗೆಗಳಲ್ಲಿಯೂ ಇದೇ ಉಂಟು. ಲೇಖನಿ ಹಗುರ, ಬ್ಯಾಟರಿಯ ಕಾಟವಿಲ್ಲ. ಆದರೆ ಆ ಸುರುಳಿಯ ಹಾಳೆ ಇಲ್ಲದ ಟ್ಯಾಬ್ಲೆಟ್ಟಿನ ಮೇಲೆ ಈ ಲೇಖನಿ ಬರಿಯ ಪ್ಲಾಸ್ಟಿಕ್ ಕಡ್ಡಿ.

ಡಬ್ಬಿಯ ಮೇಲಿನ ಅಂಕಿಗಳು

ಲೇಖನಿಯ ಡಬ್ಬಿಯ ಮೇಲೆ 4096 ಹಂತದ ಒತ್ತಡ, 8192 ಹಂತದ ಒತ್ತಡ ಎಂದು ಅಚ್ಚಾಗಿರುತ್ತದೆ. ಇವು ಎರಡರ 12ನೆಯ ಮತ್ತು 13ನೆಯ ಘಾತಗಳು. ಒತ್ತಿದಂತೆ ಗೆರೆ ದಪ್ಪವಾಗುವುದು ಚಿತ್ರಕಾರನಿಗೆ ಬೇಕು. ಪಾಠದ ಟಿಪ್ಪಣಿಗೆ ಅದರ ಅಗತ್ಯ ಅಷ್ಟಾಗಿ ಇಲ್ಲ. ಈ ಅಂಕಿಗಾಗಿ ಹೆಚ್ಚು ಬೆಲೆ ಕೊಡುವ ಮುನ್ನ ತಾನು ಬರೆಯುವವನೋ ಚಿತ್ರಿಸುವವನೋ ಎಂದು ವಿದ್ಯಾರ್ಥಿ ಯೋಚಿಸಬೇಕು.

ಟಿಪ್ಪಣಿಗೆ ಹೆಚ್ಚು ಮುಖ್ಯವಾದ ಸಂಗತಿ ತಡ. ಮೊನೆ ಮುಂದೆ ಹೋದ ಮೇಲೆ ಶಾಯಿ ಎಷ್ಟು ಹೊತ್ತಿಗೆ ಹಿಂಬಾಲಿಸುತ್ತದೆ? ನಿಮ್ಮ ಕೈ ಸೆಕೆಂಡಿಗೆ 10 ಸೆಂಟಿಮೀಟರು ಚಲಿಸುತ್ತಿದೆಯೆಂದು ಇಟ್ಟುಕೊಳ್ಳೋಣ. ಒಂದು ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗ ತಡವಾದರೆ ಶಾಯಿ ಮೊನೆಗಿಂತ 5 ಮಿಲಿಮೀಟರು ಹಿಂದೆ ಬೀಳುತ್ತದೆ. ನೂರನೆಯ ಒಂದು ಭಾಗವಾದರೆ 1 ಮಿಲಿಮೀಟರು ಮಾತ್ರ. ಹಾಗೆಯೇ ಪರದೆ ಮೊನೆಯ ಸ್ಥಾನವನ್ನು ಸೆಕೆಂಡಿಗೆ 60 ಬಾರಿ ನೋಡಿದರೆ ಆ ವೇಗದಲ್ಲಿ ಎರಡು ನೋಟಗಳ ನಡುವೆ ಸುಮಾರು 1.7 ಮಿಲಿಮೀಟರು ಕಳೆದಿರುತ್ತದೆ. 240 ಬಾರಿ ನೋಡಿದರೆ 0.4 ಮಿಲಿಮೀಟರು. ಗುಂಡಾದ ಕನ್ನಡ ಅಕ್ಷರಗಳ ತಿರುವುಗಳು ಸರಿಯಾಗಿ ಮೂಡಬೇಕಾದರೆ ನೋಟ ಪದೇ ಪದೇ ಬೀಳುವುದು ಒಳ್ಳೆಯದು. ಈ ಗುಣಗಳು ಲೇಖನಿಯೊಂದಕ್ಕೇ ಸೇರಿದುವಲ್ಲ. ಟ್ಯಾಬ್ಲೆಟ್ಟಿಗೂ ಬರೆಯುವ ತಂತ್ರಾಂಶಕ್ಕೂ ಸೇರಿದುವು.

ಕೊಳ್ಳುವ ಮುನ್ನ

ಮೊದಲು ಟ್ಯಾಬ್ಲೆಟ್ಟಿನ ಕೈಪಿಡಿಯನ್ನು ತೆರೆದು ಅದು ಯಾವ ಬಗೆಯ ಲೇಖನಿಯನ್ನು ಒಪ್ಪುತ್ತದೆಯೆಂದು ಓದಿರಿ. ಲೇಖನಿಯ ಮಾತೇ ಅದರಲ್ಲಿ ಇಲ್ಲದಿದ್ದರೆ ಅದು ಬೆರಳನ್ನು ಮಾತ್ರ ಬಲ್ಲ ಪರದೆಯೆಂದು ಭಾವಿಸುವುದು ಕ್ಷೇಮ. ಅನಂತರ ಅಂಗಡಿಯಲ್ಲಿ ನಿಮ್ಮ ಟ್ಯಾಬ್ಲೆಟ್ಟಿನ ಮೇಲೆಯೇ ಲೇಖನಿಯನ್ನು ಪರೀಕ್ಷಿಸಲು ಕೇಳಿರಿ. ಅದಕ್ಕೆ ನಾಲ್ಕು ಪರೀಕ್ಷೆ ಸಾಕು.

ಒಂದನೆಯದು, ನೋಟ್‌ಪುಸ್ತಕದಲ್ಲಿ ಬರೆಯುವಷ್ಟೇ ಚಿಕ್ಕದಾಗಿ 'ದನ', 'ಧನ', 'ರಾಷ್ಟ್ರ' ಎಂದು ಬರೆದು ಓದಿಸಿರಿ. ಎರಡನೆಯದು, ಅಡಿಪಟ್ಟಿಯನ್ನು ಓರೆಯಾಗಿಟ್ಟು ನಿಧಾನವಾಗಿ ಗೆರೆಯೆಳೆಯಿರಿ. ಮೊನೆ ಪಟ್ಟಿಯಿಂದ ಪಟ್ಟಿಗೆ ದಾಟುವಾಗ ಸ್ಥಾನದ ಲೆಕ್ಕ ತಪ್ಪಿದರೆ ಗೆರೆ ಅಲೆಯಲೆಯಾಗಿ ಡೊಂಕಾಗುತ್ತದೆ. ಬೇಗನೆ ಎಳೆದರೆ ಈ ದೋಷ ಅಡಗಿಬಿಡುತ್ತದೆ. ಮೂರನೆಯದು, ಅಂಗೈಯನ್ನು ಗಾಜಿನ ಮೇಲೆ ಊರಿ ನಾಲ್ಕು ಸಾಲು ಬರೆಯಿರಿ. ನಾಲ್ಕನೆಯದು, ಸೊನ್ನೆಗಳನ್ನು ಒಂದರ ಹಿಂದೆ ಒಂದು ಬೇಗಬೇಗನೆ ಸುತ್ತಿ ಶಾಯಿ ಎಷ್ಟು ಹಿಂದುಳಿಯುವುದೆಂದು ನೋಡಿರಿ. ಸವೆದ ಮೊನೆಯನ್ನು ಬದಲಾಯಿಸಲು ಬಿಡಿ ಮೊನೆ ದೊರೆಯುವುದೇ ಎಂಬುದನ್ನೂ ಕೇಳುವುದು ಲೇಸು. ಗಾಜು ನುಣುಪಾಗಿ ಕೈ ಜಾರುವುದಾದರೆ ಒರಟು ಮೈಯ ಪಾರದರ್ಶಕ ಹಾಳೆಯನ್ನು ಅಂಟಿಸಿಕೊಳ್ಳಬಹುದು. ಆದರೆ ಅದು ಚಿತ್ರದ ಹೊಳಪನ್ನು ತುಸು ತಗ್ಗಿಸುತ್ತದೆ, ಮೊನೆಯನ್ನೂ ಬೇಗ ಸವೆಸುತ್ತದೆ.

ನಮ್ಮ ನೆರೆಮನೆಯ ವಿದ್ಯಾರ್ಥಿನಿಯ ಟ್ಯಾಬ್ಲೆಟ್ಟಿನ ಕೈಪಿಡಿಯನ್ನು ನಾವು ಜೊತೆಯಾಗಿ ಓದಿದೆವು. ಅದರಲ್ಲಿ ಲೇಖನಿಯ ಪ್ರಸ್ತಾಪವೇ ಇರಲಿಲ್ಲ. ಅವಳ ಬಿಳಿಯ ಲೇಖನಿ ಮಾತಾಡುವ ಜಾತಿಯದು. ಕೇಳುವ ಕಿವಿ ಆ ಗಾಜಿನ ಅಡಿಯಲ್ಲಿ ಇರಲಿಲ್ಲ. ಪುಣ್ಯವಶಾತ್ ಅವಳ ಸಹಪಾಠಿಯೊಬ್ಬಳ ಟ್ಯಾಬ್ಲೆಟ್ಟಿಗೆ ಅದು ಹೊಂದಿತು, ಕೊಂಡ ಬೆಲೆಗೇ ಆಕೆ ಅದನ್ನು ತೆಗೆದುಕೊಂಡಳು. ಇವಳು ಆ ಹಣದ ಸಣ್ಣದೊಂದು ಭಾಗದಲ್ಲಿ ಬಿಲ್ಲೆ ಮೊನೆಯ ಲೇಖನಿಯೊಂದನ್ನು ಕೊಂಡಳು. ಪಾಠದ ಪುಟಗಳಲ್ಲಿ ಗೆರೆ ಎಳೆಯುವುದಕ್ಕೂ ಚಿತ್ರಗಳಿಗೆ ಗುರುತು ಹಾಕುವುದಕ್ಕೂ ಅದು ಸಾಕಾಗಿದೆ. ಉದ್ದನೆಯ ಲೆಕ್ಕಗಳನ್ನು ಅವಳು ಕಾಗದದ ಮೇಲೆಯೇ ಮಾಡಿ, ಅದರ ಚಿತ್ರ ತೆಗೆದು ಟ್ಯಾಬ್ಲೆಟ್ಟಿನಲ್ಲಿ ಇಟ್ಟುಕೊಳ್ಳುತ್ತಾಳೆ. ಉಳಿದ ಹಣದಲ್ಲಿ ಎರಡು ಪಠ್ಯಪುಸ್ತಕಗಳು ಬಂದುವು.